ಕೌರವನ ಉತ್ತರವೂ ಅರವತ್ತು ಸಾವಿರದ ಕ್ಯಾಮೆರಾವೂ

ಅಕ್ಕನ ಮಗಳು ಬೆಂಗಳೂರಿನಿಂದ ಫೋನ್ ಮಾಡಿ, "ಮಾವ, 60 ಸಾವಿರದೊಳಗೆ ಒಂದು ಒಳ್ಳೆಯ ಕ್ಯಾಮೆರಾ ಹೇಳು. ಫೋಟೋಗೂ ಆಗಬೇಕು, ವಿಡಿಯೋಗೂ ಆಗಬೇಕು" ಎಂದು ಕೇಳಿ ಮೂರು ವಾರವಾಯಿತು. ನಮ್ಮ ನೆಂಟರಿಷ್ಟರಲ್ಲಿ ಅಡುಗೆಯವರನ್ನು ಗೊತ್ತುಮಾಡಲು ಒಬ್ಬರಿದ್ದಾರೆ, ಜಾತಕ ನೋಡಲು ಒಬ್ಬರಿದ್ದಾರೆ, ಕ್ಯಾಮೆರಾ ವಿಷಯಕ್ಕೆ ನಾನಿದ್ದೇನೆ. ಹೈಸ್ಕೂಲು ಮೇಷ್ಟರಾದ್ದರಿಂದ ಐದು ನಿಮಿಷದ ಉತ್ತರದ ಜೊತೆಗೆ ಅರ್ಧ ಗಂಟೆಯ ಪಾಠವನ್ನೂ ಸೇರಿಸಿಯೇ ಕೊಡುತ್ತೇನೆ. ಈ ಸಲ ಮಾತ್ರ "ನೋಡಿ ಹೇಳುತ್ತೇನೆ ಕೂಸೇ" ಎಂದವನು ಇನ್ನೂ ಹೇಳಿಲ್ಲ. ಮಾದರಿಗಳ ಹೆಸರು ಗೊತ್ತಿಲ್ಲದೆ ಅಲ್ಲ. ಅವಳ ಮಾತಿನಲ್ಲಿದ್ದ ಎರಡು 'ಊ'ಗಳನ್ನು ಎಡವಿ ನಿಂತಿದ್ದೇನೆ. ಫೋಟೋಗೂ, ವಿಡಿಯೋಗೂ. ಹದಿನಾಲ್ಕು ವರ್ಷಗಳ ಹಿಂದೆ ಒಂದು ಅಂಗಡಿಯ ಗಾಜಿನ ಕಪಾಟಿನ ಮುಂದೆ ನಿಂತು ನಾನೂ ಇದೇ ಎರಡು 'ಊ'ಗಳನ್ನು ಉಚ್ಚರಿಸಿದ್ದೆ. ಅದರ ಫಲವಾಗಿ ನಮ್ಮ ಮನೆತನಕ್ಕೆ ಒಂದು ಒಳ್ಳೆಯ ಫೋಟೋ ಸಿಕ್ಕಿತು, ಕೌರವನ ಒಂದು ಉತ್ತರ ಶಾಶ್ವತವಾಗಿ ಕಳೆದುಹೋಯಿತು.

ಗದ್ದೆಯಲ್ಲಿ ಕೃಷ್ಣ ಕೇಳಿದ್ದು

2012ರ ಜನವರಿ. ಸಾಗರದ ಹತ್ತಿರದ ನಮ್ಮೂರಿನಲ್ಲಿ ಹರಕೆಯ ಯಕ್ಷಗಾನ ಆಟ. ಕೊಯ್ಲು ಮುಗಿದ ಗದ್ದೆಯಲ್ಲಿ ರಂಗಸ್ಥಳ. ಕೂತರೆ ಚಾಪೆಯ ಅಡಿಯಿಂದ ಕೂಳೆ ಚುಚ್ಚುತ್ತದೆ, ನಿಂತರೆ ತಲೆಯ ಮೇಲೆ ಇಬ್ಬನಿ ಇಳಿಯುತ್ತದೆ. ಮೇಳದ ಕಲಾವಿದರು ಕೆಲವರು, ಊರಿನ ಹವ್ಯಾಸಿಗಳು ಕೆಲವರು. ನಮ್ಮ ಚಿಕ್ಕಪ್ಪನದು ಕೌರವ. ಹಗಲು ಅಡಿಕೆ ತೋಟದಲ್ಲಿ ಎರಡು ಮಾತಿಗಿಂತ ಹೆಚ್ಚು ಆಡದ ಮನುಷ್ಯ, ಕಿರೀಟ ಇಟ್ಟುಕೊಂಡರೆ ಎದುರಾಳಿಗೆ ಉಸಿರಾಡಲು ಬಿಡುತ್ತಿರಲಿಲ್ಲ. ನನ್ನ ಹತ್ತಿರ ಮೂರು ತಿಂಗಳ ಹಿಂದೆ ಕೊಂಡ, ಲೆನ್ಸ್ ಬದಲಿಸಬಹುದಾದ ಡಿಎಸ್‌ಎಲ್‌ಆರ್ ಇತ್ತು, ಎರವಲು ತಂದ ಟ್ರೈಪಾಡ್ ಇತ್ತು. "ಇಡೀ ಸಂಧಾನದ ಭಾಗ ರೆಕಾರ್ಡ್ ಮಾಡುತ್ತೇನೆ, ಸಿ.ಡಿ. ಮಾಡಿ ಎಲ್ಲರಿಗೂ ಕೊಡುತ್ತೇನೆ" ಎಂದು ಸಂಜೆಯೇ ಊರಿಗೆಲ್ಲ ಸಾರಿದ್ದೆ.

ಕೃಷ್ಣನ ಪಾತ್ರಧಾರಿ ಹೊರಗಿನಿಂದ ಬಂದವರು, ಪಳಗಿದ ಮಾತುಗಾರರು. ಸೂಜಿಯ ಮೊನೆಯಷ್ಟೂ ನೆಲ ಕೊಡೆನೆಂಬ ಮಾತು ಬಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕಾಲ ಕೆಳಗಿನ ಗದ್ದೆಯನ್ನೊಮ್ಮೆ ನೋಡಿ, "ನನ್ನ ನೆಲ, ನನ್ನ ನೆಲ ಎನ್ನುತ್ತೀಯಲ್ಲ ಸುಯೋಧನ, ಇದರಲ್ಲಿ ನಿನ್ನ ಕೈಯಾರೆ ಒಂದು ಕಾಳನ್ನಾದರೂ ಬಿತ್ತಿದ್ದೀಯಾ?" ಎಂದುಬಿಟ್ಟರು. ಎದುರಿಗೆ ಕೂತಿದ್ದವರೆಲ್ಲ ಬಿತ್ತುವವರೇ. ಚಳಿಗೆ ಮುದುಡಿದ್ದ ಕಂಬಳಿಗಳೆಲ್ಲ ಒಮ್ಮೆಗೇ ನೆಟ್ಟಗಾದವು. ಚಿಕ್ಕಪ್ಪ ಮೀಸೆಯ ಮೇಲೆ ಬೆರಳಾಡಿಸಿ, ಎರಡು ಹೆಜ್ಜೆ ಮುಂದೆ ಬಂದು, ಬಲಗೈ ಎತ್ತಿ ಬಾಯಿ ತೆರೆದರು. ಆ ಕ್ಷಣ ಪರದೆಯ ಮೇಲೆ ಎಷ್ಟು ಚೆನ್ನಾಗಿ ಕಂಡಿತೆಂದರೆ ನನ್ನ ತೋರುಬೆರಳು ನನ್ನನ್ನು ಕೇಳಲೇ ಇಲ್ಲ. ಫೋಟೋ ಗುಂಡಿ ಒತ್ತಿತು.

ಆ ಕ್ಯಾಮೆರಾದಲ್ಲಿ ವಿಡಿಯೋ ನಡೆಯುತ್ತಿರುವಾಗ ಆ ಗುಂಡಿಯನ್ನು ಪೂರ್ತಿ ಒತ್ತಿದರೆ ಅದು ವಿಡಿಯೋ ನಿಲ್ಲಿಸಿ ಫೋಟೋ ತೆಗೆಯುತ್ತಿತ್ತು. ಕೈಪಿಡಿಯಲ್ಲಿ ಹಾಗೆಂದು ಬರೆದಿತ್ತು. ಕೈಪಿಡಿಯನ್ನು ನಾನು ಓದಿದ್ದು ಮಾರನೆಯ ದಿನ. ಅಂದು ರಾತ್ರಿ ಮಾತ್ರ ಬಂದ ಚಿತ್ರದ ಖುಷಿಯಲ್ಲಿ ಇನ್ನೂ ನಾಲ್ಕಾರು ತೆಗೆದೆ, ಅವುಗಳನ್ನು ದೊಡ್ಡದು ಮಾಡಿ ನೋಡಿದೆ, ಪಕ್ಕದವನಿಗೂ ತೋರಿಸಿದೆ. ಗದ್ದೆ ತುಂಬ ಚಪ್ಪಾಳೆ, ಯಾರೋ ಸಿಳ್ಳೆ ಹೊಡೆದರು. ಮೂಲೆಯಲ್ಲಿ ಕೆಂಪು ಚುಕ್ಕೆ ಇಲ್ಲವೆಂದು ತಿಳಿದಾಗ ಹನ್ನೊಂದು ನಿಮಿಷ ಕಳೆದಿತ್ತು. ಕೃಷ್ಣನ ಪ್ರಶ್ನೆ ಇಂದಿಗೂ ನನ್ನ ಹಾರ್ಡ್ ಡಿಸ್ಕ್‌ನಲ್ಲಿದೆ. ಕೌರವನ ಉತ್ತರ ಇಲ್ಲ. ನಾನು ಮೂವತ್ತು ಅಡಿ ದೂರದಲ್ಲಿ ನಿಂತಿದ್ದೆ, ಆದರೂ ಒಂದಕ್ಷರ ಕೇಳಿಸಿಕೊಂಡಿರಲಿಲ್ಲ.

ಆಮೇಲೆ ವಿಚಾರಿಸಿದೆ. ಚಿಕ್ಕಮ್ಮ ಹೇಳಿದ್ದು ಒಂದು, ಪಕ್ಕದ ಮನೆಯವರು ಹೇಳಿದ್ದು ಇನ್ನೊಂದು. "ಬಿತ್ತುವವನು ಒಂದು ಕಾಲಕ್ಕೆ ಬಿತ್ತುತ್ತಾನೆ, ಕಾಯುವವನಿಗೆ ಆರು ಕಾಲವೂ ನಿದ್ದೆಯಿಲ್ಲ ಎಂದರು" ಎಂದು ಒಬ್ಬರು. "ಅಲ್ಲ, ಗೊಲ್ಲರ ಹಟ್ಟಿಯಲ್ಲಿ ಬೆಳೆದವನಿಗೆ ಬಿತ್ತನೆಯ ಮಾತು ಯಾಕೆ ಎಂದು ಕೃಷ್ಣನಿಗೇ ತಿರುಗಿಸಿದರು" ಎಂದು ಮತ್ತೊಬ್ಬರು. ಚಿಕ್ಕಪ್ಪನನ್ನೇ ಕೇಳಿದರೆ, "ಆ ಹೊತ್ತಿಗೆ ಬಾಯಿಗೆ ಬಂದದ್ದು ಹೇಳಿದೆ. ಈಗ ಕೇಳಿದರೆ ಎಲ್ಲಿಂದ ತರಲಿ?" ಎಂದು ಅಡಿಕೆ ಸುಲಿಯುವುದನ್ನು ಮುಂದುವರಿಸಿದರು. ಬರೆದಿಟ್ಟ ಸಂಭಾಷಣೆಯಾಗಿದ್ದರೆ ಪುಸ್ತಕ ತೆರೆಯಬಹುದಿತ್ತು. ಫೋಟೋ ಮಾತ್ರ ಅವರ ಮನೆಯ ಜಗಲಿಯಲ್ಲಿ ಕಟ್ಟು ಹಾಕಿಸಿಕೊಂಡು ಕೂತಿದೆ. ಎತ್ತಿದ ಕೈ ತುಸು ಮಸುಕು, ಮುಖ ಸ್ಪಷ್ಟ, ಬಾಯಿ ತೆರೆದೇ ಇದೆ. ಮನೆಗೆ ಬಂದ ಮಕ್ಕಳು "ಅಜ್ಜ ಇಲ್ಲಿ ಏನು ಹೇಳುತ್ತಿದ್ದಾರೆ?" ಎಂದು ಕೇಳುತ್ತಾರೆ. ಎಲ್ಲರೂ ನನ್ನ ಮುಖ ನೋಡುತ್ತಾರೆ.

ಎರಡು ಕೆಲಸ, ಒಂದು ಬೆರಳು

ಫೋಟೋ ತೆಗೆಯುವ ಡಿಎಸ್‌ಎಲ್‌ಆರ್ ಪೆಟ್ಟಿಗೆಗೆ ವಿಡಿಯೋ ಸೇರಿಕೊಂಡು ಬಹಳ ವರ್ಷವೇನೂ ಆಗಿಲ್ಲ. 2008ರಲ್ಲಿ ನಿಕಾನ್ ಡಿ90 ಬಂದಾಗ ವಿಡಿಯೋ ತೆಗೆಯುವ ಮೊದಲ ಡಿಎಸ್‌ಎಲ್‌ಆರ್ ಅದು, ಅದೂ 720 ಸಾಲುಗಳ ಚಿತ್ರ. ಅದೇ ವರ್ಷ ಕ್ಯಾನನ್ 5ಡಿ ಮಾರ್ಕ್ 2 ಪೂರ್ಣ ಎಚ್‌ಡಿ ಕೊಟ್ಟಿತು, ನೋಡನೋಡುತ್ತಿದ್ದಂತೆ ಮದುವೆ ಮನೆಗಳಿಂದ ಹಿಡಿದು ಸಿನಿಮಾ ಸೆಟ್‌ಗಳವರೆಗೆ ಅದರದೇ ಮಾತಾಯಿತು. ಆದರೂ ವಿಡಿಯೋ ಅಲ್ಲಿ ಬಹುಕಾಲ ಬಾಡಿಗೆಗೆ ಬಂದವನಂತೆಯೇ ಇತ್ತು. ಮನೆಯ ನಿಯಮಗಳೆಲ್ಲ ಫೋಟೋದವು. ಒಂದೇ ಓಟದಲ್ಲಿ 29 ನಿಮಿಷ 59 ಸೆಕೆಂಡಿಗಿಂತ ಹೆಚ್ಚು ತೆಗೆಯಲು ಬಿಡುತ್ತಿರಲಿಲ್ಲ, ಏಕೆಂದರೆ ಅರ್ಧ ಗಂಟೆ ಮುಟ್ಟಿದರೆ ಯುರೋಪಿನ ಸುಂಕದವರು ಅದನ್ನು ವಿಡಿಯೋ ಕ್ಯಾಮೆರಾ ಎಂದು ಲೆಕ್ಕ ಹಾಕಿ ಹೆಚ್ಚು ಸುಂಕ ಕೇಳುತ್ತಿದ್ದರು. ಎಲ್ಲಿಯದೋ ಸುಂಕದ ಕಟ್ಟೆಗೆ ನಮ್ಮೂರಿನ ಬಯಲಾಟ ಅರ್ಧ ಗಂಟೆಗೊಮ್ಮೆ ನಿಲ್ಲಬೇಕಿತ್ತು. ಈಚಿನ ಮಾದರಿಗಳಲ್ಲಿ ಆ ಕಾಟ ಹೆಚ್ಚೂಕಡಿಮೆ ಹೋಗಿದೆ. ಸೋನಿ ಜಡ್‌ವಿ-ಇ10ಕ್ಕೆ ಅಂಥ ಗಡುವಿಲ್ಲ, ಕ್ಯಾನನ್ ಆರ್50 ಒಂದು ಗಂಟೆ ಕೊಡುತ್ತದೆ.

ಹಾಗಾಗಿ ಯಂತ್ರದ ಮಟ್ಟಿಗೆ ಅಕ್ಕನ ಮಗಳ ಬೇಡಿಕೆ ಈಗ ಅತಿಯಾಸೆಯಲ್ಲ. ಎರಡನ್ನೂ ಚೆನ್ನಾಗಿ ಮಾಡುವ ಕ್ಯಾಮೆರಾ ಸಿಗುತ್ತದೆ. ತೊಡಕು ಅದನ್ನು ಹಿಡಿದವರದು. ಫೋಟೋ ತೆಗೆಯುವವನು ಬೇಟೆಗಾರನ ಹಾಗೆ ಜಾಗ ಬದಲಿಸುತ್ತಿರಬೇಕು, ಒಂದು ಕಣ್ಣು ಮುಚ್ಚಿರಬೇಕು, ಕಿವಿ ಇಲ್ಲದಿದ್ದರೂ ನಡೆಯುತ್ತದೆ. ವಿಡಿಯೋದವನು ಕೊಕ್ಕರೆಯ ಹಾಗೆ ಒಂದೇ ಕಡೆ ನಿಂತು, ಏನೂ ಆಗದ ಹೊತ್ತನ್ನೂ ಸಹಿಸಿಕೊಂಡು, ಕಿವಿ ತೆರೆದಿಟ್ಟಿರಬೇಕು. ಷಟರ್ ವೇಗದ, ಅಂದರೆ ಒಂದು ಚಿತ್ರಕ್ಕೆ ಬೆಳಕು ಬಿಡುವ ಹೊತ್ತಿನ, ಲೆಕ್ಕವೂ ಉಲ್ಟಾ. ಅಭಿಮನ್ಯು ಮಂಡಿ ಕುಣಿಯುವಾಗ ಫೋಟೋದಲ್ಲಿ ಅವನ ಗೆಜ್ಜೆ, ಎದೆಯ ಕಟ್ಟು, ಹಾರಿದ ಸೆರಗು ಎಲ್ಲ ಬಿಡಿಬಿಡಿಯಾಗಿ ಕಾಣಬೇಕಾದರೆ ಸೆಕೆಂಡಿನ 1/500 ಭಾಗವಾದರೂ ಬೇಕು. ಅದೇ ವೇಗದಲ್ಲಿ ವಿಡಿಯೋ ತೆಗೆದರೆ ಕುಣಿತ ತುಂಡುತುಂಡಾಗಿ, ಯಾರೋ ಹಿಂದಿನಿಂದ ತಳ್ಳುತ್ತಿರುವಂತೆ ಕಾಣುತ್ತದೆ. ಸೆಕೆಂಡಿಗೆ 25 ಚೌಕಟ್ಟುಗಳ ವಿಡಿಯೋಗೆ 1/50 ಹಿತ. ಪ್ರತಿ ಚೌಕಟ್ಟಿನಲ್ಲೂ ಒಂದಿಷ್ಟು ಮಸುಕಿದ್ದರೇ ಕಣ್ಣು ಅದನ್ನು ಚಲನೆ ಎಂದು ನಂಬುವುದು.

"ವಿಡಿಯೋ ತೆಗೆದು ಅದರಿಂದಲೇ ಫೋಟೋ ಕಿತ್ತುಕೊಂಡರಾಯಿತಲ್ಲ" ಎನ್ನುವವರಿದ್ದಾರೆ. 4ಕೆ ವಿಡಿಯೋದ ಒಂದು ಚೌಕಟ್ಟೆಂದರೆ 3840×2160, ಎಂಟು ಮೆಗಾಪಿಕ್ಸೆಲ್ ಚಿಲ್ಲರೆ. ಗೋಡೆಗೆ ಹಾಕುವ ಗಾತ್ರಕ್ಕೂ ಸಾಲುತ್ತದೆ. ನಾನೂ ಪ್ರಯತ್ನಿಸಿದ್ದೇನೆ. ಕೂತು ಮಾತನಾಡುವವರದಾದರೆ ಬರುತ್ತದೆ. ಕುಣಿಯುವವರದಾದರೆ ಆ 1/50ರ ಮಸುಕು ಚಿತ್ರದಲ್ಲಿ ಉಳಿದುಬಿಡುತ್ತದೆ, ಕೈಯಿರಬೇಕಾದ ಕಡೆ ಬೀಸಣಿಗೆ ಕಾಣುತ್ತದೆ. ಅಲ್ಲಿಗೆ ಮತ್ತೆ ಅದೇ ಪ್ರಶ್ನೆ: ಈ ಗಳಿಗೆಯಲ್ಲಿ ನೀನು ಯಾವುದಕ್ಕೆ ಬಂದವನು? ಕೊಳ್ಳುವಾಗಲ್ಲದಿದ್ದರೂ ತೆಗೆಯುವಾಗ ಆರಿಸಲೇಬೇಕು.

ಅಮೆರಿಕದಲ್ಲಿದ್ದ ಕ್ಯಾಮೆರಾ

ಕಳೆದುಹೋದ ಉತ್ತರದ ಗಲಾಟೆಯಲ್ಲಿ ಇನ್ನೊಂದು ಅವಮಾನವನ್ನು ಹೇಳಲು ಮರೆತೆ. ಉಳಿದ ವಿಡಿಯೋವನ್ನು ಟಿ.ವಿ.ಗೆ ಹಾಕಿ ನೋಡಿದರೆ ಚೌಕಿಯ, ಅಂದರೆ ಬಣ್ಣದ ಮನೆಯ, ದೃಶ್ಯಗಳಲ್ಲೆಲ್ಲ ಕಪ್ಪು ಪಟ್ಟಿಗಳು ಏಣಿಯ ಮೆಟ್ಟಿಲಿನಂತೆ ಒಂದರ ಹಿಂದೆ ಒಂದು ಮೇಲಕ್ಕೇರುತ್ತಿದ್ದವು. ಬಣ್ಣ ಹಚ್ಚಿಕೊಳ್ಳುತ್ತಿದ್ದ ಚಿಕ್ಕಪ್ಪನ ಮುಖದ ಮೇಲೂ ಪಟ್ಟಿ. ಕ್ಯಾಮೆರಾ ಕೆಟ್ಟಿತೆಂದುಕೊಂಡು, ಟ್ರೈಪಾಡ್ ಹಿಂದಿರುಗಿಸುವ ನೆಪದಲ್ಲಿ ಶಿವಮೊಗ್ಗದ ಹಳೆಯ ಸ್ಟುಡಿಯೋ ಒಂದಕ್ಕೆ ಹೋದೆ. ಅದರ ಯಜಮಾನರು ರೀಲಿನ ಕಾಲದಿಂದ ಮದುವೆಗಳನ್ನು ತೆಗೆದವರು. ಕನ್ನಡಕ ಹಣೆಗೇರಿಸಿ ವಿಡಿಯೋ ನೋಡಿದರು, ಮೆನು ತೆರೆದು ಎರಡು ಸಲ ಕೆಳಗಿಳಿಸಿದರು, ನಕ್ಕರು.

"ಮೇಷ್ಟ್ರೇ, ನಿಮ್ಮ ಕ್ಯಾಮೆರಾ ಇನ್ನೂ ಅಮೆರಿಕದಲ್ಲಿದೆ."

ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು, ಹಾಗಾಗಿ ಟ್ಯೂಬ್‌ಲೈಟು ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. ಅಮೆರಿಕದಲ್ಲಿ ವಿದ್ಯುತ್ತು 60 ಆವರ್ತನದ್ದು, ಎನ್‌ಟಿಎಸ್‌ಸಿ ಎಂಬ ಅಲ್ಲಿನ ಪದ್ಧತಿಯಲ್ಲಿ ಕ್ಯಾಮೆರಾ ಸೆಕೆಂಡಿಗೆ 30 ಚೌಕಟ್ಟು ತೆಗೆಯುತ್ತದೆ, ಷಟರ್ 1/60ರಲ್ಲಿ ನಿಲ್ಲುತ್ತದೆ. ಆ ತಾಳಕ್ಕೂ ನಮ್ಮ ಟ್ಯೂಬ್‌ಲೈಟಿನ ತಾಳಕ್ಕೂ ಹೊಂದುವುದಿಲ್ಲ. ತಪ್ಪಿದ ಲಯವೇ ಪಟ್ಟಿಯಾಗಿ ಕಾಣುತ್ತದೆ. ಯಜಮಾನರು ಅದನ್ನು ಪಾಲ್ ಎಂಬ ನಮ್ಮ ಕಡೆಯ ಪದ್ಧತಿಗೆ ಬದಲಿಸಿ, 25 ಚೌಕಟ್ಟು, ಷಟರ್ 1/50 ಮಾಡಿ, ತಮ್ಮ ಸ್ಟುಡಿಯೋದ ಟ್ಯೂಬ್‌ಲೈಟಿಗೇ ಕ್ಯಾಮೆರಾ ಹಿಡಿದು ತೋರಿಸಿದರು. ಪಟ್ಟಿಗಳು ಮಾಯ. "ಈಗ ಊರಿಗೆ ಬಂತು ನೋಡಿ" ಎಂದರು. ಅದು ಅಮೆರಿಕದಲ್ಲಿ ಯಾಕಿತ್ತೆಂದರೆ, ಕೊಳ್ಳುವಾಗ ಅಂಗಡಿಯವನು "ಬಿಲ್ಲು ಬೇಡವೆಂದರೆ ನಾಲ್ಕು ಸಾವಿರ ಕಡಿಮೆ" ಎಂದಿದ್ದ, ನಾನು ಬೇಡವೆಂದಿದ್ದೆ. ಹೊರದೇಶದಿಂದ ಯಾರದೋ ಚೀಲದಲ್ಲಿ ಬಂದ ಮಾಲು. ವಾರಂಟಿಯೂ ಅಲ್ಲಿಯದೇ. ಒಂದೂವರೆ ವರ್ಷದ ಮೇಲೆ ಅದರ ಷಟರ್ ಸಿಕ್ಕಿಕೊಂಡಾಗ ಉಳಿಸಿದ ನಾಲ್ಕು ಸಾವಿರದ ಬೆಲೆ ತಿಳಿಯಿತು.

ಇವತ್ತಿಗೂ ಅಂಗಡಿಗೆ ಹೋದರೆ ನಾನು ಮೆಗಾಪಿಕ್ಸೆಲ್ ಕೇಳುವುದಿಲ್ಲ. ಪಾಲ್‌ಗೆ ಹಾಕಿ ಮೇಲಿನ ದೀಪಕ್ಕೆ ಹಿಡಿಯುತ್ತೇನೆ. ಈಗಿನ ಅಗ್ಗದ ಎಲ್‌ಇಡಿಗಳು ಟ್ಯೂಬ್‌ಲೈಟಿಗಿಂತ ಕೇಡಿಗರು. ಕೆಲವು ಬಣ್ಣದ ದೀಪಗಳಿಗೆ 1/50ಕ್ಕೂ ಸಮಾಧಾನವಿಲ್ಲ. ಆಮೇಲೆ ಬಾಗಿಲ ಹೊರಗೆ ಬಿಸಿಲಿಗೆ ಹೋಗಿ ಪರದೆ ಕಾಣುತ್ತದೆಯೇ ನೋಡುತ್ತೇನೆ. ಅಂಗಡಿಯವರು ಓಡಿಹೋಗುತ್ತಾನೇನೋ ಎಂಬಂತೆ ಹಿಂದೆಯೇ ಬರುತ್ತಾರೆ.

ಪಟ್ಟಿ ಕೇಳಿದವರಿಗೆ

ಹೆಸರು ಹೇಳದೆ ಬಿಟ್ಟರೆ ಅಕ್ಕನ ಮಗಳು ಬಿಡುವುದಿಲ್ಲ, ಆದ್ದರಿಂದ ಬೇಗ ಮುಗಿಸುತ್ತೇನೆ. ಈ ಹಣದ ಸುತ್ತಮುತ್ತ ಓಡಾಡುವವು ಮೂರು: 2021ರ ಸೋನಿ ಜಡ್‌ವಿ-ಇ10, 2022ರ ನಿಕಾನ್ ಜಡ್30, 2023ರ ಕ್ಯಾನನ್ ಆರ್50. ಜೊತೆಯಲ್ಲೇ ಬರುವ ಕಿಟ್ ಲೆನ್ಸ್ ಸಮೇತ ಹೊಸದಾಗಿ ಕೊಂಡರೆ ಸಾಮಾನ್ಯವಾಗಿ ಅವಳ ಗಡಿ ದಾಟಿಸುತ್ತವೆ, ಒಂದು ಕೈ ಬಳಸಿದ್ದಾದರೆ ಒಳಗೇ ಬರುತ್ತವೆ. ಮೂರರ ಸೆನ್ಸರೂ, ಅಂದರೆ ಬೆಳಕು ಹಿಡಿಯುವ ಫಲಕವೂ, ಹಳೆಯ ರೀಲಿನ ಚೌಕಟ್ಟಿಗಿಂತ ಕಿರಿದಾದ ಎಪಿಎಸ್-ಸಿ ಗಾತ್ರದ್ದು. ಮೂರರಲ್ಲೂ ಮೈಕ್ ಚುಚ್ಚಲು ತೂತಿದೆ. ಕೇಳಿಸಿಕೊಳ್ಳಲು ಹೆಡ್‌ಫೋನಿನ ತೂತು ಸೋನಿಯಲ್ಲಿ ಮಾತ್ರ. ಕಣ್ಣಿಗೆ ಒತ್ತಿ ನೋಡುವ ವ್ಯೂಫೈಂಡರ್ ಕ್ಯಾನನ್‌ನಲ್ಲಿ ಮಾತ್ರ. ಕೈ ನಡುಕವನ್ನು ಸೆನ್ಸರ್ ಅಲುಗಾಡಿಸಿ ಸರಿಪಡಿಸುವ ವ್ಯವಸ್ಥೆ ಮೂರರಲ್ಲೂ ಇಲ್ಲ. ಅಕ್ಕನ ಮಗಳು ನಡೆಯುತ್ತ ನಡೆಯುತ್ತ ವಿಡಿಯೋ ತೆಗೆಯುವ ಕನಸು ಕಾಣುತ್ತಿದ್ದರೆ ಅವಳ ಕೈಯಲ್ಲಿರುವ ಮೊಬೈಲೇ ಇವುಗಳಿಗಿಂತ ಮೇಲು, ಹೇಳಿಬಿಡುವುದು ಒಳ್ಳೆಯದು. ಮೊಬೈಲು ಸೋಲುವುದು ಮೂವತ್ತು ಅಡಿ ದೂರದಲ್ಲಿ, ಕಡಿಮೆ ಬೆಳಕಿನಲ್ಲಿ. ಅಂದರೆ ಸರಿಯಾಗಿ ನಮ್ಮ ಆಟದ ಗದ್ದೆಯಲ್ಲಿ.

ಇದಕ್ಕಿಂತ ಅಗ್ಗದಲ್ಲಿ ಹುಡುಕುವವರಿಗೆ '4ಕೆ' ಎಂಬ ಎರಡಕ್ಷರದ ಮುಂದೆ ಸ್ವಲ್ಪ ನಿಲ್ಲಿ ಎನ್ನುತ್ತೇನೆ. ಕ್ಯಾನನ್‌ನ ಎಂ50, 200ಡಿ ಮಾರ್ಕ್ 2, ಆರ್100 ಮೂರರ ಪೆಟ್ಟಿಗೆಯ ಮೇಲೂ ಅದು ಬರೆದಿದೆ. ಆದರೆ 4ಕೆಗೆ ಹಾಕಿದ ಕೂಡಲೇ ಅವು ಸೆನ್ಸರಿನ ನಡುಭಾಗವನ್ನಷ್ಟೇ ಬಳಸುತ್ತವೆ, ಮುಖ ಹಿಡಿದು ಬಿಡದ ಅವುಗಳ ಆಟೋಫೋಕಸ್ ಚಳಕವೂ ಅಲ್ಲಿ ಕೈಕೊಡುತ್ತದೆ. ಎಂ50ರ ಜೊತೆ ಬರುವ ಲೆನ್ಸ್ 15 ಎಂ.ಎಂ.ನಿಂದ ಶುರು, 4ಕೆಯಲ್ಲಿ ಅದರ ನೋಟ ಹಳೆಯ ರೀಲ್ ಕ್ಯಾಮೆರಾದ 38 ಎಂ.ಎಂ. ಲೆನ್ಸಿನಷ್ಟು ಕಿರಿದಾಗುತ್ತದೆ. ಗೆಳೆಯರೊಬ್ಬರ ಎಂ50 ಹಿಡಿದು ನಮ್ಮ ಜಗಲಿಯಲ್ಲಿ ಸತ್ಯನಾರಾಯಣ ವ್ರತ ತೆಗೆಯಲು ಹೋಗಿ, ಮಂಟಪವೂ ಕೂತವರೂ ಒಟ್ಟಿಗೆ ಬರಲೆಂದು ಹಿಂದೆ ಸರಿದು ಸರಿದು ಕೊನೆಗೆ ಅಂಗಳಕ್ಕಿಳಿದು ತುಳಸಿಕಟ್ಟೆಗೆ ಒರಗಿ ನಿಂತೆ. ಅವನ್ನು ಪೂರ್ಣ ಎಚ್‌ಡಿಯಲ್ಲೇ ಬಳಸಿದರೆ ಒಂದು ಕೊರತೆಯೂ ಇಲ್ಲ, ಚಿನ್ನದಂಥ ಕ್ಯಾಮೆರಾಗಳು. ನೋಡುವವರೆಲ್ಲ ಅಂಗೈಯಗಲದ ಪರದೆಯಲ್ಲಿ ನೋಡುತ್ತಾರೆ. 4ಕೆ ತೆಗೆದವನಿಗೆ ಕಾರ್ಡಿನ ಖರ್ಚು ಬೇರೆ: ಸೆಕೆಂಡಿಗೆ 100 ಮೆಗಾಬಿಟ್ ಎಂದರೆ ಗಂಟೆಗೆ 45 ಜಿಬಿ. ರಾತ್ರಿಯಿಡೀ ನಡೆಯುವ ಆಟಕ್ಕೆ ಕಾರ್ಡಿನ ಮಾಲೆಯನ್ನೇ ಕೊರಳಿಗೆ ಹಾಕಿಕೊಂಡು ಹೋಗಬೇಕು. ಈಗೀಗ ಕಾಲಮಿತಿಯ ಆಟಗಳಾಗಿರುವುದರಿಂದ ಬಚಾವು. (ಕಾಲಮಿತಿ ಬಂದದ್ದಕ್ಕೆ ಸಂತೋಷಪಡುವ ಒಬ್ಬನೇ ಒಬ್ಬ ನಾನಿರಬೇಕು. ಚಿಕ್ಕಪ್ಪನಿಗೆ ಈ ಸಾಲು ತೋರಿಸುವುದಿಲ್ಲ.)

ಬೆಲೆಯ ವಿಷಯ ಬಂದಾಗ ಒಂದು ಮಾತು. 2017ರಲ್ಲಿ ಜಿಎಸ್‌ಟಿ ಬಂದಾಗ ಡಿಜಿಟಲ್ ಕ್ಯಾಮೆರಾಗಳಿಗೆ ಶೇ 28 ಇತ್ತು, 2019ರ ಜನವರಿಯಿಂದ ಶೇ 18 ಆಯಿತು. ಬಿಲ್ಲು ಬೇಡವೆನ್ನುವ ನನ್ನಂಥವರ ಆಸೆಗೆ ಅಷ್ಟರಮಟ್ಟಿಗೆ ಕಾರಣ ಕಡಿಮೆಯಾಗಿದೆ. ಬಳಸಿದ್ದನ್ನು ಕೊಳ್ಳುವವರು ಮೂಲ ಬಿಲ್ಲು ಕೇಳಬೇಕು, ಷಟರ್ ಎಷ್ಟು ಸಲ ಬಡಿದಿದೆ ಎಂಬ ಎಣಿಕೆ ಕೇಳಬೇಕು, ಎಲ್ಲಕ್ಕಿಂತ ಮೊದಲು ಲೆನ್ಸನ್ನು ಟಾರ್ಚಿನ ಬೆಳಕಿಗೆ ಹಿಡಿದು ಒಳಗೆ ನೋಡಬೇಕು. ಯಾಕೆಂದು ಮುಂದೆ ಹೇಳುತ್ತೇನೆ.

ಚಂಡೆಗೆ ಹೆದರುವ ಮೈಕು

ಒಂದು ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ. 60 ಸಾವಿರವನ್ನೂ ಕ್ಯಾಮೆರಾಕ್ಕೇ ಸುರಿಯಬಾರದು. 40 ಸಾವಿರದೊಳಗೆ ಬಳಸಿದ ಬಾಡಿ ಮತ್ತು ಕಿಟ್ ಲೆನ್ಸ್ ಹುಡುಕಿ, ಉಳಿದದ್ದರಲ್ಲಿ ಒಂದು ಎಫ್/1.8 ಲೆನ್ಸ್ (ಎಫ್‌ನ ಅಂಕಿ ಸಣ್ಣದಾದಷ್ಟೂ ಬೆಳಕಿನ ಕಿಂಡಿ ಅಗಲ), ಗಟ್ಟಿಯಾದ ಒಂದು ಟ್ರೈಪಾಡ್, ಒಂದು ಮೈಕ್ ಕೊಳ್ಳಬೇಕು. ಕಿಟ್ ಲೆನ್ಸಿನ ಜೂಮನ್ನು ಪೂರ್ತಿ ಎಳೆದರೆ ಕಿಂಡಿ ಎಫ್/5.6 ಅಥವಾ ಅದಕ್ಕೂ ಕಿರಿದು. ಎಫ್/1.8 ಅದರ ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಹತ್ತು ಪಟ್ಟೆಂದರೆ 1/50ರಿಂದ 1/500ಕ್ಕೆ ಹೋಗುವಷ್ಟು ಬೆಳಕು; ಅಭಿಮನ್ಯುವಿನ ಗೆಜ್ಜೆಗೂ ಬೀಸಣಿಗೆಯಾದ ಕೈಗೂ ಇರುವ ವ್ಯತ್ಯಾಸವೇ ಅದು. ಹೊಸ ಬಾಡಿ ಕೊಂಡರೆ ಈ ಹತ್ತು ಪಟ್ಟು ಸಿಗುವುದಿಲ್ಲ.

ಮೈಕಿನದು ಇನ್ನೂ ದೊಡ್ಡ ಕಥೆ. ಕ್ಯಾಮೆರಾದೊಳಗಿನ ಮೈಕು ಹೆದರುಪುಕ್ಕಲ. ಚಂಡೆಯ ಮೊದಲ ಪೆಟ್ಟು ಬಿದ್ದೊಡನೆ ಕಿವಿ ಮುಚ್ಚಿಕೊಳ್ಳುತ್ತದೆ, ಅಂದರೆ ಧ್ವನಿಯ ಮಟ್ಟವನ್ನು ತಾನೇ ಇಳಿಸಿಕೊಳ್ಳುತ್ತದೆ. ಭಾಗವತರ ಪದ ಬಾವಿಗೆ ಬಿದ್ದಂತಾಗುತ್ತದೆ. ಚಂಡೆ ನಿಂತಿತೆಂದು ಖಾತ್ರಿಯಾದ ಮೇಲೆ ನಿಧಾನವಾಗಿ ಕಿವಿ ತೆರೆಯುತ್ತದೆ, ಆಗ ಮದ್ದಳೆಗಿಂತ ಜೋರಾಗಿ ಪಕ್ಕದಲ್ಲಿ ಕೂತವರು ಕಡಲೆಕಾಯಿ ಬಿಡಿಸುವ ಸದ್ದು ಕೇಳಿಸುತ್ತದೆ. ಅಷ್ಟರಲ್ಲಿ ಮತ್ತೆ ಚಂಡೆ. 2012ರ ನನ್ನ ರೆಕಾರ್ಡಿಂಗ್ ಪೂರ್ತಿ ಹೀಗೆ ಅಲೆಯ ಹಾಗೆ ಏರಿ ಇಳಿಯುತ್ತದೆ. ಮೆನುವಿನಲ್ಲಿ ಧ್ವನಿಯನ್ನು ಸ್ವಯಂಚಾಲಿತದಿಂದ ಬಿಡಿಸಿ, ಅತ್ಯಂತ ಜೋರಾದ ಪೆಟ್ಟಿಗೂ ಕೆಂಪು ಗೆರೆ ಮುಟ್ಟದಂತೆ ಕೈಯಾರೆ ಇಳಿಸಿಟ್ಟರೆ ಅರ್ಧ ಸಮಸ್ಯೆ ಹೋಗುತ್ತದೆ. ಇನ್ನರ್ಧಕ್ಕೆ ನಾನು ಈಗ ಮಾಡುವುದು, ಹಳೆಯ ಮೊಬೈಲೊಂದಕ್ಕೆ ಸಾವಿರ ರೂಪಾಯಿ ಒಳಗಿನ ಕಾಲರ್ ಮೈಕ್ ಚುಚ್ಚಿ ಭಾಗವತರ ಮೇಜಿನ ಪಕ್ಕದಲ್ಲಿಟ್ಟು ಬರುವುದು. ಮನೆಯಲ್ಲಿ ಕೂತು ಎರಡು ಧ್ವನಿಗಳನ್ನು ಜೋಡಿಸುವಾಗ ಭಾಗವತರ ತಾಳದ ಮೊದಲ ಪೆಟ್ಟನ್ನು ಗುರುತಾಗಿಟ್ಟುಕೊಳ್ಳುತ್ತೇನೆ. ಸಿನಿಮಾದವರು ಇದಕ್ಕಾಗಿ ಹಲಗೆ ಬಡಿಯುತ್ತಾರೆ. ನಮಗೆ ತಾಳ ಇದೆ.

ಹೀಗೆ ಇಟ್ಟು ಬರುವುದರಿಂದ ಇನ್ನೊಂದು ಉಪಕಾರವಾಯಿತು. ನಾನು ಫೋಟೋದ ಆಸೆಗೆ ಬಿದ್ದು ವಿಡಿಯೋ ಕೆಡಿಸಿದರೂ ಮಾತು ಆ ಮೊಬೈಲಿನಲ್ಲಿ ಉಳಿಯುತ್ತದೆ. 2012ರಲ್ಲಿ ಜೇಬಿನಲ್ಲಿದ್ದ ಅಗ್ಗದ ಮೊಬೈಲಿಗೂ ಧ್ವನಿ ಹಿಡಿಯಲು ಬರುತ್ತಿತ್ತು. ನನಗೆ ಹೊಳೆದಿರಲಿಲ್ಲ. ಹೊಸ ಕ್ಯಾಮೆರಾ ಕೊಂಡವನಿಗೆ ಕೆಲವು ತಿಂಗಳು ಬೇರೆ ಯಾವ ವಸ್ತುವೂ ಕಾಣುವುದಿಲ್ಲ.

ದೋಸೆ ಕಾವಲಿಯ ಮೇಲೆ ನೀಲಿ ಹರಳು

ಇನ್ನು ಟಾರ್ಚಿನ ವಿಷಯ. ಆ ವರ್ಷದ ಮಳೆಗಾಲದಲ್ಲಿ ಕ್ಯಾಮೆರಾ ಚೀಲವನ್ನು ಬೀರುವಿನಲ್ಲಿ, ರೇಷ್ಮೆ ಸೀರೆಗಳ ಪಕ್ಕದಲ್ಲಿ, ಬಹಳ ಜೋಪಾನವಾಗಿ ಇಟ್ಟಿದ್ದೆ. ಚೌತಿಯ ಹೊತ್ತಿಗೆ ತೆಗೆದರೆ ಚಿತ್ರಗಳೆಲ್ಲ ಮಂಜು ಕವಿದಂತೆ. ಲೆನ್ಸನ್ನು ಬೆಳಕಿಗೆ ಹಿಡಿದೆ. ಒಳಗಿನ ಗಾಜಿನ ಅಂಚಿನಿಂದ ನಡುವಿನ ಕಡೆಗೆ ಜೇಡರ ಬಲೆಯಂಥ ಬೂಷ್ಟು ಕವಲೊಡೆದು ಹಬ್ಬಿತ್ತು. ಉಪ್ಪಿನಕಾಯಿ ಭರಣಿಗೆ ಬೂಷ್ಟು ಬಾರದಂತೆ ಕಾಯುವ ಮನೆಯಲ್ಲಿ ಲೆನ್ಸಿಗೆ ಬಂದಿತ್ತು. ಒರೆಸಲು ಆಗದು, ಅದು ಗಾಜುಗಳ ನಡುವೆ. ಬಿಟ್ಟರೆ ಗಾಜಿನ ಲೇಪವನ್ನೇ ತಿನ್ನುತ್ತದೆ. ಬಿಚ್ಚಿ ಶುಚಿ ಮಾಡುವವರು ಕೇಳಿದ ಹಣಕ್ಕೆ ಹಳೆಯ ಲೆನ್ಸ್ ಒಂದು ಬರುತ್ತಿತ್ತು. ಬಿಸಿಲ ಊರಿನವರಿಗೆ ಇದು ಕಟ್ಟುಕಥೆ ಅನ್ನಿಸಬಹುದು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರನ್ನೂ ಘಟ್ಟದ ಕೆಳಗಿನವರನ್ನೂ ಕೇಳಿ ನೋಡಿ.

ಈಗ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ಕ್ಯಾಮೆರಾ, ಲೆನ್ಸ್, ಜೊತೆಗೆ ಸಿಲಿಕಾ ಜೆಲ್ ಹರಳುಗಳ ಎರಡು ಚೀಲ, ತೇವ ಅಳೆಯುವ ಪುಟ್ಟದೊಂದು ಮಾಪಕ. ಮುಳ್ಳು ಶೇ 40ರಿಂದ 50ರ ನಡುವೆ ಇದ್ದರೆ ನೆಮ್ಮದಿ. ಹರಳುಗಳು ಒಣಗಿದ್ದಾಗ ನೀಲಿ, ತೇವ ಕುಡಿದಾಗ ಗುಲಾಬಿ. ಆಷಾಢದಲ್ಲಿ ವಾರಕ್ಕೊಮ್ಮೆ ಗುಲಾಬಿಯಾಗುತ್ತವೆ. ಬಿಸಿ ಮಾಡಿದರೆ ಮತ್ತೆ ನೀಲಿ. ಮೊದಲ ಸಲ ನಾನು ಅವನ್ನು ದೋಸೆ ಕಾವಲಿಯ ಮೇಲೆ ಹರಡಿ ಹುರಿಯುತ್ತಿದ್ದಾಗ ಹೆಂಡತಿ ಬಂದು ನೋಡಿದಳು. ಆ ನೀಲಿ ಬಣ್ಣ ಹೊಟ್ಟೆಗೆ ಹೋಗಬಾರದ ವಸ್ತುವೆಂದು ನಾನೇ ತರಗತಿಯಲ್ಲಿ ಪಾಠ ಮಾಡುತ್ತೇನೆ. ಮುಂದಿನದನ್ನು ಬರೆಯುವುದಿಲ್ಲ. ಕ್ಯಾಮೆರಾದ ಬಜೆಟ್ ಹಾಕುವವರು ಅದರಲ್ಲಿ ಒಂದು ಬಾಣಲೆಯನ್ನೂ ಸೇರಿಸಿಕೊಳ್ಳಲಿ.

* * *

ಇಲ್ಲಿಯವರೆಗೆ ಬರೆದು, ಅಕ್ಕನ ಮಗಳಿಗೆ ಕಳಿಸೋಣವೆಂದುಕೊಳ್ಳುವಷ್ಟರಲ್ಲಿ ದೀಪಾವಳಿ ಬಂತು, ಅವಳೂ ಬಂದಳು. ಕ್ಯಾಮೆರಾ ಸಮೇತ. ನನ್ನ ಉತ್ತರಕ್ಕೆ ಕಾದಿರಲಿಲ್ಲ. ಕಾಲೇಜಿನ ಹಿರಿಯ ವಿದ್ಯಾರ್ಥಿನಿಯೊಬ್ಬಳು ಬಳಸಿ ಬಿಟ್ಟ ಜಡ್‌ವಿ-ಇ10 ಅಂತೆ. ಬಿಲ್ಲಿದೆ, ಮೇಲೆ ಬೆಕ್ಕಿನ ಬಾಲದಂಥ ಕೂದಲ ಟೋಪಿ ಹಾಕಿದ ಮೈಕಿದೆ. ನಾನಾಗಿದ್ದರೆ ವ್ಯೂಫೈಂಡರ್ ಇರುವುದನ್ನು ಹೇಳುತ್ತಿದ್ದೆ. ಹೇಳಿದೆ ಕೂಡ. "ಬಿಸಿಲಲ್ಲಿ ಕೊಡೆ ಹಿಡಿದುಕೊಳ್ಳುತ್ತೇನೆ ಬಿಡು ಮಾವ" ಎಂದಳು. ಲೆನ್ಸನ್ನು ಟಾರ್ಚಿಗೆ ಹಿಡಿದು ನೋಡಿದೆ, ಬೂಷ್ಟಿರಲಿಲ್ಲ. ಬೆಂಗಳೂರಿನ ಕ್ಯಾಮೆರಾ.

ಹಬ್ಬದ ಮಾರನೆಯ ಸಂಜೆ ಅವಳು ಚಿಕ್ಕಪ್ಪನ ಮನೆಯ ಜಗಲಿಯಲ್ಲಿ ಟ್ರೈಪಾಡ್ ಬಿಚ್ಚಿದಳು. ಮಂಡಿನೋವು ಶುರುವಾದ ಮೇಲೆ ಚಿಕ್ಕಪ್ಪ ವೇಷ ಮಾಡುವುದನ್ನು ಬಿಟ್ಟಿದ್ದಾರೆ. ವೇಷವಿಲ್ಲದೆ ಕೂತು ಮಾತಾಡುವ ತಾಳಮದ್ದಳೆ ಇದ್ದರೆ ಹೋಗುತ್ತಾರೆ. ಶಾಲು ಹೊದ್ದು, ಗೋಡೆಯ ಮೇಲಿನ ಬಾಯಿ ತೆರೆದ ಕೌರವನ ಕೆಳಗೆ ಕೂತಿದ್ದರು. ಚಿಕ್ಕಮ್ಮ ಕರಜೀಕಾಯಿಯ ತಟ್ಟೆ ತಂದಿಟ್ಟರು. ಟ್ಯೂಬ್‌ಲೈಟು ಹಾಕಿದರು. ನನ್ನ ಬಾಯಿಗೆ ಬಂದ ಒಂದು ಪದವನ್ನು ನಾನು ನುಂಗಿಕೊಂಡೆ. ಅವಳೇ ಕಂಡುಕೊಳ್ಳಲಿ ಎಂದು. ಚಿಕ್ಕಪ್ಪ ಸ್ವಲ್ಪ ಹೊತ್ತು ಆ ಕೂದಲ ಟೋಪಿಯನ್ನು ನೋಡಿದರು, ನನ್ನನ್ನೊಮ್ಮೆ ನೋಡಿದರು, ಆಮೇಲೆ ಮೊಮ್ಮಗಳನ್ನು ಕೇಳಿದರು:

"ಇದು ಫೋಟೋವೋ, ವಿಡಿಯೋವೋ? ಸುಮ್ಮನೆ ಕೂತಿರಬೇಕೋ, ಮಾತನಾಡಬೇಕೋ, ಮೊದಲೇ ಹೇಳಿಬಿಡು."

ಅವಳು ತಲೆ ಬಗ್ಗಿಸಿ, ಮೆನುವಿನಲ್ಲಿ ಏನನ್ನೋ ಹುಡುಕುತ್ತಿದ್ದಳು.